ಉಕ್ಕಿನ ದಣಿವು

1842ರ ಮೇ 8ರಂದು ವರ್ಸೇಲ್ಸಿನಲ್ಲಿ ಫ್ರೆಂಚ್ ದೊರೆಯ ಉತ್ಸವವನ್ನು ನೋಡಿ ಪ್ಯಾರಿಸಿಗೆ ಮರಳುತ್ತಿದ್ದವರ ರೈಲು ಹಳಿ ತಪ್ಪಿತು. ಮುಂದಿನ ಇಂಜಿನ್ನಿನ ಇರುಸು ಮುರಿದಿತ್ತು. ಗಾಡಿಗಳಿಗೆ ಬೆಂಕಿ ಹತ್ತಿತು. ಬಾಗಿಲುಗಳಿಗೆ ಬೀಗ ಹಾಕಿದ್ದರು. ಕನಿಷ್ಠ 50 ಮಂದಿ ಮಡಿದರು. ದಕ್ಷಿಣ ಧ್ರುವದ ಹಿಮಸಾಗರದಿಂದ ಸುಖವಾಗಿ ಹಿಂದಿರುಗಿದ್ದ ನಾವಿಕ ದ್ಯುಮೋನ್ ದ್ಯುರ್ವಿಲ್ ಹೆಂಡತಿ ಮಗನೊಡನೆ ಇಲ್ಲಿ ಅಸುನೀಗಿದನು.

ಇಂಥ ಇರುಸುಗಳು ಮುರಿದೆಡೆಯಲ್ಲಿ ಹರಳುಹರಳಾಗಿ ಮಿನುಗುತ್ತಿದ್ದವು. ಓಟದ ಅದುರಿಗೆ ಕಬ್ಬಿಣದ ನಾರು ಅಳಿದು ಹರಳಾಗುವುದೆಂದು ಅಂದಿನ ಹಲವರು ನಂಬಿದರು. ನಂಬತಕ್ಕ ಮಾತೇ, ಆದರೆ ಕಬ್ಬಿಣವಾಗಲಿ ಉಕ್ಕಾಗಲಿ ಮೊದಲಿನಿಂದಲೂ ಹರಳುಗಳ ರಾಶಿಯೇ.

1860ರ ದಶಕದಲ್ಲಿ ಜರ್ಮನಿಯ ವೋಲರನು ಇರುಸುಗಳನ್ನು ಯಂತ್ರದಲ್ಲಿ ಲಕ್ಷಾಂತರ ಸಲ ತಿರುಗಿಸಿ, ಒಂದು ಮಿತಿಗಿಂತ ಕಡಿಮೆ ಹೊರೆಯಲ್ಲಿ ಅವು ಮುರಿಯವೆಂದು ಕಂಡನು. ಏಕೆಂಬುದು ಮಾತ್ರ ಉಳಿಯಿತು. 1903ರಲ್ಲಿ ಇಂಗ್ಲೆಂಡಿನ ಯೂಯಿಂಗ್ ಮತ್ತು ಹಂಫ್ರಿ ಸ್ವೀಡನ್ನಿನ ಕಬ್ಬಿಣವನ್ನು ನುಣ್ಣಗೆ ಉಜ್ಜಿ, ಹಿಂದೆ ಮುಂದೆ ಬಾಗಿಸುತ್ತ, ನಡುನಡುವೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕೆಲವು ಹರಳುಗಳ ಮೇಲೆ ಕೂದಲೆಳೆಯಂಥ ಗೆರೆಗಳು ಮೂಡಿದವು. ಗೆರೆ ಪಟ್ಟಿಯಾಯಿತು, ಪಟ್ಟಿ ಬಿರುಕಾಯಿತು.

ಈ ಎಳೆಯ ಬಿರುಕಿನ ನಡೆ ವಿಚಿತ್ರ. ತಾನು ಹುಟ್ಟಿದ ಹರಳಿನೊಳಗೆ ಅದು ವೇಗವಾಗಿ ಓಡುತ್ತದೆ. ದೊಡ್ಡ ಬಿರುಕುಗಳನ್ನು ಅಳೆದು ಮಾಡಿದ ಲೆಕ್ಕಕ್ಕಿಂತಲೂ ವೇಗವಾಗಿ. ಆ ಲೆಕ್ಕವನ್ನೇ ನೆಚ್ಚಿದವರಿಗೆ ಇದು ಅಪಾಯದ ಸಂಗತಿ. ಆದರೆ ಹರಳಿನ ಅಂಚಿಗೆ ಬಂದೊಡನೆ ಬಿರುಕು ತಡೆಯುತ್ತದೆ. ಬದುವಿನಾಚೆಯ ಹೊಲದಲ್ಲಿ ನೇಗಿಲ ಸಾಲು ಬೇರೆ ದಿಕ್ಕಿಗಿರುವಂತೆ, ನೆರೆಯ ಹರಳಿನಲ್ಲಿ ಪರಮಾಣುಗಳ ಸಾಲು ಬೇರೆ ಓರೆಯಲ್ಲಿರುತ್ತದೆ. ಸಾಧಾರಣ ಉಕ್ಕಿನಲ್ಲಿ ಪರ್ಲೈಟ್ ಎಂಬ ಗಟ್ಟಿ ಭಾಗವೂ ಅಡ್ಡ ನಿಲ್ಲುತ್ತದೆ. ಕಬ್ಬಿಣ ಮತ್ತು ಕಾರ್ಬೈಡಿನ ತೆಳು ಪದರಗಳು ಒಂದರ ಮೇಲೊಂದು ಕೂಡಿದ ರಚನೆ ಅದು. ಹರಳು ಸಣ್ಣದಾದಷ್ಟೂ ಬದುಗಳು ಹೆಚ್ಚು. ಎಂದೇ ಸಣ್ಣ ಹರಳಿನ ಉಕ್ಕು ದಣಿವನ್ನು ಸಾಮಾನ್ಯವಾಗಿ ಹೆಚ್ಚು ತಾಳುತ್ತದೆ.

ವೋಲರನ ಮಿತಿಯ ಗುಟ್ಟು ಇಲ್ಲಿದೆ. ಆ ಮಿತಿಯೊಳಗೆ ಬಿರುಕು ಹುಟ್ಟುವುದೇ ಇಲ್ಲವೆಂದಲ್ಲ. ಹುಟ್ಟಿದ್ದು ಬದುವನ್ನು ದಾಟಲಾರದು. ಹಾಗೆ ನಿಂತ ಬಿರುಕನ್ನು ಹೊತ್ತೇ ಇರುಸು ವರ್ಷಾನುಗಟ್ಟಲೆ ದುಡಿಯಬಹುದು. ಆದರೆ ಎಂದೋ ಒಮ್ಮೆ ಬಿದ್ದ ಅತಿಭಾರವಾಗಲಿ, ತುಕ್ಕು ಕೊರೆದ ಗುಳಿಯಾಗಲಿ ಅದನ್ನು ಆಚೆಗೆ ದಾಟಿಸಬಲ್ಲುದು. ಕೆಲವು ಹರಳುಗಳನ್ನು ದಾಟಿದ ಬಿರುಕು ಮತ್ತೆ ಬದುಗಳನ್ನು ಅಷ್ಟಾಗಿ ಲೆಕ್ಕಿಸದು.

ಇಂದು ರೈಲಿನ ಇರುಸುಗಳನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುತ್ತಾರೆ. ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಉದ್ದದ, ಒಂದೇ ಹರಳಿನೊಳಗಿನ ಬಿರುಕು ಆ ಧ್ವನಿಗೂ ಸಿಕ್ಕದು. ಆದ್ದರಿಂದಲೇ ಒಮ್ಮೆ ತೇರ್ಗಡೆಯಾದ ಇರುಸನ್ನು ಗೊತ್ತಾದ ಅವಧಿಗೆ ಮತ್ತೆ ಪರೀಕ್ಷೆಗೆ ತರುತ್ತಾರೆ.