ಯುಗಾದಿಗೆ ಬೇಟೆ ಸಾಕು, ಹಕ್ಕಿ ನೋಡೋಣ ಬರ್ರಿ

ಮೊನ್ನೆ ದೇವದುರ್ಗದ ಬಸ್ಸಿಗಾಗಿ ಕಲ್ಮಲಾ ಕ್ರಾಸಿನಲ್ಲಿ ನಿಂತಿದ್ದೆ. ಬಸ್ಸು ಹೊತ್ತಿಗೆ ಬರಲಿಲ್ಲ. ಅದೇನು ಸುದ್ದಿ ಮಾಡುವಂಥ ಸಂಗತಿಯಲ್ಲ ಬಿಡಿ. ಪಕ್ಕದಲ್ಲಿ ನಿಂತಿದ್ದ ಕಿರಾಣಿ ಅಂಗಡಿ ಸಾಹುಕಾರರೊಬ್ಬರು ಮಾತು ತೆಗೆದರು.

"ಏನ್ರೀ ಪೇಪರ್‌ನವರ, ಸಾಲಿಗೆ ಸೂಟಿ ಬಂತಂದ್ರ ಹುಡುಗರು ಬಂಡೀಪುರ ನೋಡೂಣು, ನಾಗರಹೊಳೆ ನೋಡೂಣು ಅಂತಾವ. ಸಾವಿರಾರು ರೂಪಾಯಿ ಖರ್ಚು. ನಮ್ಮ ರಾಯಚೂರಾಗ ಏನೈತ್ರಿ ನೋಡಾಕ? ಬಿಸಿಲು, ಧೂಳು, ಅಷ್ಟ."

ನಾನು ಉತ್ತರ ಕೊಡಲಿಲ್ಲ. ತಲೆಯೆತ್ತಿ ಎದುರಿನ ಕರೆಂಟು ತಂತಿ ತೋರಿಸಿದೆ. ತಂತಿಯ ಮೇಲೆ ಮಾಸಲು ಬಣ್ಣದ ಒಂದು ಹಕ್ಕಿ ಕೂತಿತ್ತು. ಸಾಹುಕಾರರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಹೊಲದ ಬದುವಿಗೆ ಇಳಿದು, ಏನನ್ನೋ ಕೊಕ್ಕಿನಲ್ಲಿ ಹಿಡಿದು ವಾಪಸ್ ಹಾರಿತು. ರೆಕ್ಕೆ ಬಿಚ್ಚಿದಾಗ ನೋಡಬೇಕಿತ್ತು! ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಂಥ ನೀಲಿ.

"ಅಯ್ಯ ಇದರ! ದಿನಾ ನೋಡ್ತೀನ್ರಿ ಇದನ್ನ. ಯಾವುದೋ ಕಾಗಿ ಜಾತಿ ಇರಬೇಕು ಅಂತ ಬಿಟ್ಟಿದ್ದೆ."

ಅದು ನೀಲಕಂಠ. ಕರ್ನಾಟಕದ ರಾಜ್ಯಪಕ್ಷಿ. ಪಕ್ಕದ ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ, ಅಲ್ಲಿ ಪಾಲಪಿಟ್ಟ ಅಂತಾರೆ. ಎರಡು ಸರ್ಕಾರಗಳು ಗೌರವ ಕೊಟ್ಟಿರುವ ಹಕ್ಕಿ ನಮ್ಮ ಕ್ರಾಸಿನಲ್ಲಿ ಪುಕ್ಕಟೆ ಕೂತಿದೆ, ನಾವು ಕಾಗೆ ಅಂತ ಬಿಟ್ಟಿದ್ದೇವೆ.

ಸಾಹುಕಾರರನ್ನು ನಗೆಯಾಡುವ ಯೋಗ್ಯತೆ ನನಗೂ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಶಾಲೆಯಲ್ಲಿ ಕಲಿತದ್ದು ಆಫ್ರಿಕಾದ ಸಿಂಹ, ಆಸ್ಟ್ರೇಲಿಯಾದ ಕಾಂಗರೂ. ನಮ್ಮೂರ ಬದುವಿನ ಮೇಲೆ ಓಡಾಡುವ ಹಕ್ಕಿಗಳ ಪರಿಚಯವಾದದ್ದು ಕವಣೆಯಿಂದ. ಎಷ್ಟು ಹೊಡೆದೆ ಅಂತ ಲೆಕ್ಕ ಹೇಳಲು ಈಗ ನಾಚಿಕೆಯಾಗುತ್ತದೆ.

ಎರಡು ಹಬ್ಬ, ಒಂದು ಹಕ್ಕಿ

ವಿಜಯದಶಮಿ ದಿನ ನೀಲಕಂಠ ಕಂಡರೆ ಶುಭ ಅನ್ನುವ ನಂಬಿಕೆ ತೆಲಂಗಾಣದಲ್ಲಿ ಬಲವಾಗಿದೆ. ಗಡಿಯಾಚೆ ಈಚೆ ಬೀಗತನ ಇರುವ ನಮ್ಮ ಊರುಗಳಲ್ಲೂ ಹಳಬರು ಈ ಮಾತು ಹೇಳುತ್ತಾರೆ. ಬನ್ನಿ ಕೊಟ್ಟು, ಊರ ಹೊರಗೆ ನಡೆದು, ಆಕಾಶ ನೋಡಿ, ಹಕ್ಕಿ ಕಂಡರೆ ಕೈಮುಗಿದು ಬರುವುದು. ಎಂಥ ಚೆಂದದ ಪದ್ಧತಿ! ವರ್ಷಕ್ಕೊಮ್ಮೆಯಾದರೂ ಮನುಷ್ಯ ತಲೆ ಎತ್ತಿ ಹಕ್ಕಿ ನೋಡಲಿ ಅಂತ ಹಿರಿಯರು ಮಾಡಿದ್ದು.

ಅದನ್ನು ನಾವು ಏನು ಮಾಡಿದೆವು? ನಡೆಯಲು ಪುರುಸೊತ್ತಿಲ್ಲದವರಿಗೆ ಹಕ್ಕಿಯನ್ನೇ ಮನೆ ಬಾಗಿಲಿಗೆ ತರುವ ದಂಧೆ ಶುರುವಾಯಿತು. ಹೈದರಾಬಾದಿನಲ್ಲಿ ದಸರೆ ಬಂತೆಂದರೆ ನೀಲಕಂಠ ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿಟ್ಟು, ದರ್ಶನಕ್ಕೆ ಇಷ್ಟು ಅಂತ ವಸೂಲಿ ಮಾಡುತ್ತಿದ್ದರು. ಅರಣ್ಯ ಇಲಾಖೆಯವರು, ಪ್ರಾಣಿಪ್ರಿಯರು ದಾಳಿ ಮಾಡಿ ಬಿಡಿಸಿದ ಹಕ್ಕಿಗಳಲ್ಲಿ ಎಷ್ಟೋ ಮತ್ತೆ ಹಾರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಒಂದು ದಸರೆಗೆ ನಮ್ಮ ಬಜಾರಿನಲ್ಲೇ ಬಟ್ಟೆ ಮುಚ್ಚಿದ ಪಂಜರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವವನನ್ನು ಕಂಡಿದ್ದೇನೆ. ಹತ್ತು ರೂಪಾಯಿ ಕೊಟ್ಟು ಕೈಮುಗಿದವರಲ್ಲಿ ನಾನೂ ಒಬ್ಬ. ಕಾಲು ಕಟ್ಟಿದ ಹಕ್ಕಿಯಿಂದ ಯಾರಿಗೆ ಶುಭವಾದೀತು ಅಂತ ಆಗ ಹೊಳೆಯಲಿಲ್ಲ.

ಇನ್ನು ಯುಗಾದಿ. ನಮ್ಮ ಜಿಲ್ಲೆಯ ಕೆಲವು ಕಡೆ ಯುಗಾದಿಗೆ ಬೇಟೆ ಅಂತ ಹೊರಡುವ ರೂಢಿ ಇದೆ. ಬಡಿಗೆ, ಬಲೆ, ನಾಯಿ ಸಮೇತ ಗುಂಪು ಕಟ್ಟಿಕೊಂಡು ಗುಡ್ಡ, ಬೀಳು ಜಾಲಾಡುವುದು. ಮೊಲ ಸಿಕ್ಕರೆ ಮೊಲ, ಗೌಜಗ ಸಿಕ್ಕರೆ ಗೌಜಗ. 2025ರ ಯುಗಾದಿ ಹೊತ್ತಿನಲ್ಲಿ ತುರ್ವಿಹಾಳದಲ್ಲಿ ಬೇಟೆಯ ಪ್ರಾಣಿಗಳನ್ನು ಎತ್ತಿ ಹಿಡಿದು, ಆಯುಧ ತೋರಿಸಿ, ಮೆರವಣಿಗೆ ಮಾಡಿದ ವಿಡಿಯೋ ರಾಜ್ಯವೆಲ್ಲ ನೋಡಿತು. ಕೇಸೂ ಆಯಿತು. ಜಿಲ್ಲೆಗೆ ಹೆಸರು ಬಂದದ್ದು ಇದಕ್ಕೆ!

"ತಲತಲಾಂತರದ ಪದ್ಧತಿ" ಅಂತ ಸಮಜಾಯಿಷಿ ಕೊಡುತ್ತಾರೆ. ಒಪ್ಪೋಣ. ಆದರೆ ಅಜ್ಜನ ಕಾಲದ ಗುಡ್ಡ ಈಗ ಎಲ್ಲಿದೆ? ಬೀಳು ಎಲ್ಲಿದೆ? ತುಂಗಭದ್ರಾ ಎಡದಂಡೆ ಕಾಲುವೆ ಮಾನವಿ ಕಡೆಗೆ ಭತ್ತ ತಂದಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಕ್ಕೆ ನೀರು ತಂದಿತು. ರೈತನ ಬದುಕು ಹಸನಾಯಿತು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಮೊಲಕ್ಕೆ, ಗೌಜಗಕ್ಕೆ ಉಳಿದದ್ದು ಅಲ್ಲೊಂದು ಕಲ್ಲುಗುಡ್ಡ, ಇಲ್ಲೊಂದು ಹಳ್ಳದ ದಂಡೆ. ಅಷ್ಟರಲ್ಲೇ ನೂರು ಜನ ನುಗ್ಗಿದರೆ ಉಳಿಯುವುದೇನು?

ಯುಗಾದಿ ಸಮಯ ಬೇರೆ ಎಂಥದು? ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಮರಿ ಮಾಡಲು ತಯಾರಾಗುವ ಕಾಲ. ನೀಲಕಂಠದ ಗಂಡು ಹಕ್ಕಿ ಎತ್ತರಕ್ಕೆ ಹಾರಿ, ಅಲ್ಲಿಂದ ಪಲ್ಟಿ ಹೊಡೆಯುತ್ತಾ ಕೂಗುತ್ತಾ ಕೆಳಗೆ ಬೀಳುವಂತೆ ಬಂದು ಹೆಣ್ಣಿನ ಮನಸ್ಸು ಗೆಲ್ಲಲು ನೋಡುವ ಕಾಲ. ಸರ್ಕಸ್ಸಿಗೆ ಟಿಕೆಟ್ ಕೊಂಡು ನೋಡುವ ಆಟವನ್ನು ಇದು ಹೊಲದ ಮೇಲೆ ಬಿಟ್ಟಿಯಾಗಿ ತೋರಿಸುತ್ತದೆ. ಆ ಹೊತ್ತಿಗೆ ನಾವು ಬಡಿಗೆ ಹಿಡಿದು ಹೊರಡಬೇಕೆ?

ಲೆಕ್ಕ ಏನು ಹೇಳುತ್ತದೆ?

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ಕೇಳಿ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಒಂದು ದೊಡ್ಡ ವರದಿ ಬಂತು. ಸಾವಿರಾರು ಮಂದಿ ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳಿಂದ ವಿಜ್ಞಾನಿಗಳು ತೆಗೆದ ಲೆಕ್ಕ ಅದು. ಅದರ ಪ್ರಕಾರ ಸುಮಾರು 12 ವರ್ಷಗಳಲ್ಲಿ ನೀಲಕಂಠದ ಸಂಖ್ಯೆ ದೇಶದಲ್ಲಿ ಶೇಕಡಾ 30ರಷ್ಟು ಇಳಿದಿದೆ. ಅಂಗಡಿಯ ಮಾಲು ನೂರರಲ್ಲಿ ಮೂವತ್ತು ಲೆಕ್ಕಕ್ಕೆ ಸಿಗದೆ ಹೋದರೆ ಸಾಹುಕಾರ ಆ ರಾತ್ರಿ ನಿದ್ದೆ ಮಾಡುತ್ತಾನೆಯೇ? ರಾಜ್ಯಪಕ್ಷಿ ಹೋದರೆ ಮಾತ್ರ ನಾವು ಹಾಯಾಗಿ ಮಲಗಿದ್ದೇವೆ.

ಈ ಹಕ್ಕಿ ತಿನ್ನುವುದು ಮಿಡತೆ, ಜೀರುಂಡೆ, ಹುಳ ಹುಪ್ಪಟೆ. ಅಂದರೆ ರೈತನ ಕೂಲಿಯಾಳು, ಪಗಾರ ಕೇಳದ ಆಳು. ಗೂಡು ಮಾಡುವುದು ಹಳೆ ಮರದ ಪೊಟರೆಯಲ್ಲಿ. ರಸ್ತೆ ಅಗಲ ಮಾಡಲು ಹಳೆ ಮರ ಕಡಿದರೆ ಅದಕ್ಕೆ ಬಾಡಿಗೆ ಮನೆ ಸಿಗುವುದಿಲ್ಲ. ಹೊಲದಲ್ಲಿ ಹುಳವೇ ಇಲ್ಲದಂತೆ ಔಷಧಿ ಹೊಡೆದರೆ ಅದಕ್ಕೆ ಊಟವಿಲ್ಲ.

ಆ ವರದಿ ಹುಟ್ಟಿದ್ದೇ ನಮ್ಮಂಥ ಸಾಮಾನ್ಯರ ಲೆಕ್ಕದಿಂದ ಅನ್ನುವುದು ಇಲ್ಲಿ ಮುಖ್ಯ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತದೆ. ನಮ್ಮ ದೇಶದವರು ಅದರಲ್ಲಿ ಸೇರಿದ್ದು 2013ರಿಂದ. ನಿಯಮ ಬಹಳ ಸುಲಭ. ಒಂದು ಜಾಗದಲ್ಲಿ 15 ನಿಮಿಷವಾದರೂ ನಿಂತು, ಕಂಡ ಹಕ್ಕಿ ಯಾವುದು, ಎಷ್ಟು ಅಂತ ಬರೆದು ಕಳಿಸುವುದು. ಜನವರಿಯಲ್ಲಿ ಕೆರೆ ಹಕ್ಕಿಗಳ ಎಣಿಕೆ ಬೇರೆ ಇದೆ, ಅದು 1987ರಿಂದ ಏಷ್ಯಾದ ಹಲವು ದೇಶಗಳಲ್ಲಿ ನಡೆದು ಬಂದಿದೆ.

15 ನಿಮಿಷ! ನಮ್ಮ ಬಸ್ ಸ್ಟಾಂಡಿನಲ್ಲಿ 15 ನಿಮಿಷ ಕಾಯದವರು ಯಾರಿದ್ದಾರೆ ಸ್ವಾಮಿ? ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ತೂಕಡಿಸುವ ಹೊತ್ತು ಎಷ್ಟು? ಈ ಕೆಲಸಕ್ಕೆ ನಮ್ಮಷ್ಟು ಅರ್ಹರು ಬೇರೆ ಯಾರೂ ಇಲ್ಲ.

ಎಲ್ಲಿ ನೋಡುವುದು?

ರಾಯಚೂರಿನವರು ದೂರ ಹೋಗಬೇಕಿಲ್ಲ. ಕೋಟೆ ಬುಡದಲ್ಲೇ ಮಾವಿನಕೆರೆ ಇದೆ. ಕೊಳಚೆ, ಕಸ, ಒತ್ತುವರಿ ಎಲ್ಲ ಸಹಿಸಿಕೊಂಡೂ ಬೆಳ್ಳಕ್ಕಿ, ನೀರುಕಾಗೆ ಬರುತ್ತವೆ. ಊರ ಹೊರಗಿನ ಮರ್ಚೇಡ್, ಮನ್ಸಲಾಪುರ ಕೆರೆಗಳಿಗೆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಹೋಗಿ ಬನ್ನಿ. ಮಾನವಿಯವರಿಗೆ ಕಾಲುವೆ ಕೆಳಗಿನ ಭತ್ತದ ಗದ್ದೆಗಳೇ ಸಾಕು. ದೇವದುರ್ಗದವರಿಗೆ ಕೃಷ್ಣೆ ಇದ್ದಾಳೆ. ಮೊಸಳೆಗಳೂ ಇವೆ, ಅದಕ್ಕೇ ನೀರಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ದೂರದಿಂದ ನೋಡಿ. ಹೊಳೆ ದಾಟಿದರೆ ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮ.

ಬೇರೆ ಊರವರು ಏನು ಮಾಡಿದ್ದಾರೆ ನೋಡಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಜನ ತಮ್ಮ ಹುಣಸೆ ಮರದ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಮನೆಗೆ ಬಂದ ಮಗಳಂತೆ ಕಂಡರು. 2007ರಲ್ಲಿ ಆ ಊರು ಸರ್ಕಾರದಿಂದ ಸಮುದಾಯ ಮೀಸಲು ಅನ್ನಿಸಿಕೊಂಡಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯಲ್ಲಿ ಜಾಲಿ ಮರಗಳೆಲ್ಲ ಹಕ್ಕಿ ಗೂಡು. ಈ ಎರಡೂ ಕೆರೆಗಳಿಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಗತ್ತೇ ಒಪ್ಪಿದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಮಾನವಿ ತಾಲೂಕಿಗೆ ನೀರು ಕೊಡುವ ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟರು. ಅವರ ಊರಲ್ಲೂ ಇರುವುದು ಬಿಸಿಲು, ಧೂಳೇ.

ಹಬ್ಬವಾಗಲಿ, ಸಭೆಯಾಗದಿರಲಿ

ನನ್ನ ಸಲಹೆ ಇಷ್ಟೇ. ಯುಗಾದಿ ಮತ್ತು ದಸರೆ, ವರ್ಷಕ್ಕೆ ಎರಡು ಬೆಳಗ್ಗೆ, ರಾಯಚೂರು, ಮಾನವಿ, ದೇವದುರ್ಗ ಮೂರೂ ಕಡೆ ಹಕ್ಕಿ ನೋಡುವ ಹಬ್ಬ ಆಗಲಿ. ಅಕ್ಟೋಬರ್ 2ರಿಂದ 8ರ ತನಕ ಹೇಗೂ ವನ್ಯಜೀವಿ ಸಪ್ತಾಹ. 2025ರಲ್ಲಿ ವಿಜಯದಶಮಿ ಬಂದದ್ದೂ ಅಕ್ಟೋಬರ್ 2ಕ್ಕೇ. ಶಾಲೆ ಮೇಷ್ಟ್ರು, ಅರಣ್ಯ ಇಲಾಖೆ, ವರ್ತಕರ ಸಂಘ ಮನಸ್ಸು ಮಾಡಿದರೆ ಸಾಕು.

ಆದರೆ ದಯವಿಟ್ಟು ಶಾಮಿಯಾನ ಬೇಡ. ನಮ್ಮಲ್ಲಿ ಯಾವ ಕಾರ್ಯಕ್ರಮಕ್ಕೂ ಒಂದು ರೋಗವಿದೆ. ಮೈಕು, ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಎರಡು ತಾಸು ತಡವಾಗಿ ಬರುವ ಮುಖ್ಯ ಅತಿಥಿ. ಅವರು ದೀಪ ಹಚ್ಚುವ ಹೊತ್ತಿಗೆ ಹಕ್ಕಿ ಮರ್ಚೇಡ್ ಬಿಟ್ಟು ಮಹಬೂಬ್‌ನಗರ ಮುಟ್ಟಿರುತ್ತದೆ. ಹಿಂದೆ ಉಳಿಯುವುದು ಪ್ಲಾಸ್ಟಿಕ್ ತಟ್ಟೆ, ಲೋಟ. ಬೆಳಗ್ಗೆ ಆರಕ್ಕೆ ಹೊರಡಿ, ಎಂಟಕ್ಕೆ ಮುಗಿಸಿ, ಬಂದು ಅಂಗಡಿ ಬಾಗಿಲು ತೆಗೆಯಿರಿ. ಗೂಡಿನ ಹತ್ತಿರ ಹೋಗಬೇಡಿ, ಫೋಟೋಕ್ಕಾಗಿ ಹಕ್ಕಿ ಎಬ್ಬಿಸಬೇಡಿ, ಪಟಾಕಿ ಹೊಡೆಯಬೇಡಿ. ಒಂದು ನೋಟುಬುಕ್ಕಿನಲ್ಲಿ ಕಂಡದ್ದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ, ಆಮೇಲೆ ತಿಳಿದವರನ್ನು ಕೇಳಿದರಾಯಿತು.

"ಇದರಿಂದ ಏನು ಬಂತು?" ಅಂತ ಕೇಳುವವರಿದ್ದಾರೆ. ಬಂದದ್ದು ಇದು: ಈ ವರ್ಷ ಮಾವಿನಕೆರೆಯಲ್ಲಿ ನೂರು ಹಕ್ಕಿ ಎಣಿಸಿದ ಹುಡುಗ ಮುಂದಿನ ವರ್ಷ ನಲವತ್ತು ಎಣಿಸಿದರೆ, ಉಳಿದ ಅರವತ್ತು ಎಲ್ಲಿ ಅಂತ ಕೇಳುತ್ತಾನೆ. ಕಸ ಸುರಿದವರು ಯಾರು, ಒತ್ತುವರಿ ಮಾಡಿದವರು ಯಾರು ಅಂತ ಪಾಲಿಕೆಯ ಬಾಗಿಲಿಗೆ ಹೋಗುತ್ತಾನೆ. ಎಣಿಸದವನಿಗೆ ಕೆರೆ ಮುಚ್ಚಿದರೂ ಗೊತ್ತಾಗುವುದಿಲ್ಲ. ಬಡಿಗೆ ಹಿಡಿದು ಗುಡ್ಡ ಹತ್ತುವ ಹುಡುಗರನ್ನೂ ಬರೀ ಬೈದು ಪ್ರಯೋಜನವಿಲ್ಲ. ಮೊಲದ ಹಾದಿ, ಗೌಜಗದ ಜಾಗ ಅವರಷ್ಟು ಬಲ್ಲವರು ಇಲ್ಲ. ಹಕ್ಕಿ ತೋರಿಸಲು ಅವರನ್ನೇ ಮುಂದೆ ಬಿಡಿ, ಊರೇ ಅವರ ಹಿಂದೆ ನಡೆಯಲಿ. ಆ ಮರ್ಯಾದೆ ಸಿಕ್ಕಮೇಲೆ ಬಡಿಗೆ ತಾನಾಗಿ ಮೂಲೆ ಸೇರೀತು.

ಜಿಂಕೆ, ಹಂದಿ ಹೊಲಕ್ಕೆ ಬಿದ್ದು ಬೆಳೆ ಕಳೆದುಕೊಂಡ ರೈತನ ಸಿಟ್ಟು ಸುಳ್ಳಲ್ಲ. ಅವನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಕೊಡಬೇಕು, ಕಚೇರಿಯಿಂದ ಕಚೇರಿಗೆ ಅಲೆದಾಡಿಸಬಾರದು. ಆದರೆ ಹಬ್ಬದ ಹೆಸರಿನ ಬೇಟೆ ಬೆಳೆ ಕಾಯಲು ಹೊರಟದ್ದಲ್ಲ, ಅದು ಮೋಜು. ಆ ಮೋಜಿಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ ಇದೆ. ಕೃಷ್ಣಮೃಗದಂಥ ಪ್ರಾಣಿಗಾದರೆ ಶಿಕ್ಷೆ ಇನ್ನೂ ಹೆಚ್ಚು. ನೀಲಕಂಠವನ್ನು ಪಂಜರಕ್ಕೆ ಹಾಕುವುದೂ ಅಪರಾಧವೇ. ಮುಂದಿನ ದಸರೆಗೆ ಯಾರಾದರೂ ಬಟ್ಟೆ ಮುಚ್ಚಿದ ಪಂಜರ ತಂದರೆ ಹತ್ತು ರೂಪಾಯಿ ಕೊಡಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಅಂದಹಾಗೆ ಕಲ್ಮಲಾ ಕ್ರಾಸಿನಲ್ಲಿ ಆಮೇಲೆ ಬಸ್ಸು ಬಂತು. ಸಾಹುಕಾರರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಬ್ಬೂರು ಮುಟ್ಟುವಷ್ಟರಲ್ಲಿ ಮೂರು ಸಲ ನನ್ನ ಭುಜ ತಿವಿದರು. "ಅಲ್ನೋಡ್ರಿ, ಇನ್ನೊಂದು!" ಇಳಿಯುವಾಗ ಬೆರಳು ಮಡಿಚಿ ಲೆಕ್ಕ ಹೇಳಿದರು, ನಾಲ್ಕು. ಸೂಟಿಯಾಗ ಹುಡುಗರನ್ನ ಇಲ್ಲೇ ಕರಕೊಂಡು ಬರ್ತೀನ್ರಿ, ಬಸ್ ಚಾರ್ಜಿನಾಗ ಮುಗೀತದ ಅಂದರು.

ಅವರ ಮೊಮ್ಮಕ್ಕಳು ದೊಡ್ಡವರಾದ ಮೇಲೂ ಆ ತಂತಿಯ ಮೇಲೆ ಎಣಿಸಲು ನಾಲ್ಕು ಇರಬೇಕಲ್ಲ? ಸಂಬಂಧಪಟ್ಟವರು ಯೋಚಿಸಲಿ. ಸಂಬಂಧಪಟ್ಟವರು ಅಂದರೆ ಈ ಸಲ ಬರೀ ಅಧಿಕಾರಿಗಳಲ್ಲ, ನಾವೂ.