ಸ್ವಂತವಾಗಿ ಕಟ್ಟಿದ ಮೀನುದೋಣಿಗೆ ಎಲ್.ಇ.ಡಿ. ದೀಪ

ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮುಂತಾದ ಮೀನುಗಳ ಮರಿಗಳನ್ನು ಬಿಟ್ಟು ಸಾಕತಕ್ಕ ಭೂಮಾಲಿಕರಲ್ಲಿ, ದೋಣಿಯನ್ನು ಕೊಳ್ಳುವುದಕ್ಕೆ ಬದಲಾಗಿ ಊರಿನ ಬಡಗಿಯನ್ನು ಜೊತೆಗಿಟ್ಟುಕೊಂಡು ಪ್ಲೈವುಡ್ ಹಲಗೆಯಿಂದ ಚಪ್ಪಟೆ ತಳದ ಸಣ್ಣ ದೋಣಿಯನ್ನು ತಾವೇ ಕಟ್ಟಿಕೊಳ್ಳುವವರುಂಟು. ಇದು ಮೆಚ್ಚತಕ್ಕ ಉದ್ಯಮವೇ ಸರಿ. ದೋಣಿ ನೀರಿಗಿಳಿದು ಸೋರದೆ ನಿಂತಿತೆಂದರೆ ಮುಂದಿನ ಯೋಚನೆ ದೀಪದ್ದು. ಎಲ್.ಇ.ಡಿ. ದೀಪಗಳು ಈಗ ಅಲ್ಪ ಬೆಲೆಗೆ ದೊರೆಯುತ್ತವೆ. ಕಡಮೆ ವಿದ್ಯುತ್ತಿನಲ್ಲಿ ಉರಿಯುತ್ತವೆ. ಒಳಗೆ ತಂತಿಯಿಲ್ಲವಾದ್ದರಿಂದ ಅಲುಗಾಟಕ್ಕೆ ಬೇಗನೆ ಕೆಡುವುದಿಲ್ಲ. ಆದಕಾರಣ ದೋಣಿಗೆ ದೀಪ ಬೇಕೆ ಎಂಬುದು ಪ್ರಶ್ನೆಯಲ್ಲ, ಯಾರಿಗಾಗಿ ಬೇಕು ಎಂಬುದೇ ಪ್ರಶ್ನೆ.

ಸಾಮಾನ್ಯವಾಗಿ ಮೊದಲು ಮೀನನ್ನು ಸೆಳೆಯುವುದಕ್ಕೆ, ಆಮೇಲೆ ಬಲೆ ಬಿಡಿಸುವ ಕೆಲಸಕ್ಕೆ, ಕಡೆಗೆ ನೆನಪಾದರೆ ಇತರರಿಗೆ ದೋಣಿ ಕಾಣಿಸುವುದಕ್ಕೆ ಎಂಬ ಕ್ರಮದಲ್ಲಿ ದೀಪಗಳನ್ನು ಜೋಡಿಸುತ್ತಾರೆ. ಈ ಕ್ರಮವು ತಲೆಕೆಳಗಾದುದು.

ಮೀನನ್ನು ಸೆಳೆಯುವ ವಿಚಾರವನ್ನೇ ಮೊದಲು ನೋಡಬಹುದು. ರಾತ್ರಿಯಲ್ಲಿ ನೀರಿನ ಮೇಲೆ ಬೆಳಕು ಬಿದ್ದರೆ ಹುಳಹುಪ್ಪಟೆಗಳೂ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೂ ಅಲ್ಲಿ ಕೂಡುತ್ತವೆ; ಅವನ್ನು ತಿನ್ನಲು ಸಣ್ಣ ಮೀನುಗಳು ಬರುತ್ತವೆ. ಹೀಗೆ ಕೂಡಿದ ಹಿಂಡಿನಲ್ಲಿ ಮಾರತಕ್ಕ ಮೀನು ಎಷ್ಟೋ, ಇನ್ನೂ ಬೆಳೆಯಬೇಕಾದ ಮರಿ ಎಷ್ಟೋ, ಬಲೆಗೆ ಆ ವಿವೇಚನೆಯಿಲ್ಲ. ಕಡಲಿನಲ್ಲಿ ಇದೇ ಪದ್ಧತಿಯು ಮಿತಿಮೀರಿದುದರಿಂದ, ಭಾರತದ ವಿಶೇಷ ಆರ್ಥಿಕ ವಲಯದಲ್ಲಿ ಎಲ್.ಇ.ಡಿ. ಮುಂತಾದ ಕೃತಕ ಬೆಳಕಿನಿಂದ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ಆಜ್ಞೆಯು ಊರಿನ ಕೆರೆಗೆ ಅನ್ವಯಿಸದೆಂದು ವಾದಿಸುವವರು ಇರಬಹುದು. ನಿಜ, ಆದರೆ ಕಡಲಿಗೆ ದಡವೊಂದೇ ಪಕ್ಕಕ್ಕೆ, ಕೆರೆಗೆ ನಾಲ್ಕು ಪಕ್ಕಕ್ಕೂ ದಡ. ಹಣಕೊಟ್ಟು ತಂದು ಬಿಟ್ಟ ಮರಿಯನ್ನು ಬೆಳಕು ತೋರಿಸಿ ಮರಿಯಾಗಿರುವಾಗಲೇ ಹಿಡಿಯುವುದು, ಪೈರನ್ನು ಮೊಳಕೆಯಲ್ಲಿಯೇ ಕೊಯ್ದಂತೆ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಗದ್ದೆಯ ತೋಡುಗಳಲ್ಲಿ ಏರಿ ಬರುವ ಮೀನನ್ನು ಸೂಡಿ ಹಿಡಿದು ಕಡಿಯುವ ವಾಡಿಕೆಯೂ ಇದಕ್ಕಿಂತ ಬೇರೆಯಲ್ಲ. ಏರಿ ಬರುವುದು ಮೊಟ್ಟೆಯಿಡುವ ಮೀನು.

ಇನ್ನು ದೋಣಿ ಕಾಣಿಸುವ ವಿಚಾರ. ದೊಡ್ಡ ಜಲಾಶಯಗಳ ಹಿನ್ನೀರಿನಲ್ಲಿ ಹರಿಗೋಲುಗಳೂ ಹುಟ್ಟುಹಾಕುವ ದೋಣಿಗಳೂ ಯಂತ್ರದ ದೋಣಿಗಳೂ ಒಂದೇ ನೀರಿನಲ್ಲಿ ಓಡಾಡುತ್ತವೆ. ಕತ್ತಲೆಯಲ್ಲಿ ನೀರಿನ ಮಟ್ಟಕ್ಕೆ ಸಮನಾಗಿರುವ ಸಣ್ಣ ದೋಣಿಯು ಎದುರಿನವನಿಗೆ ಕಾಣುವುದೇ ಇಲ್ಲ. 1972ರ ಅಂತರರಾಷ್ಟ್ರೀಯ ಸಮುದ್ರ ಡಿಕ್ಕಿ ನಿವಾರಣಾ ನಿಯಮಗಳ ಪ್ರಕಾರ, 7 ಮೀಟರಿಗಿಂತ ಕಡಮೆ ಉದ್ದವಾಗಿ, 7 ನಾಟ್, ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರು ಮೀರದ ವೇಗವುಳ್ಳ ಯಂತ್ರದ ದೋಣಿಯು ಸುತ್ತಲೂ ಕಾಣುವ ಒಂದು ಬಿಳಿಯ ದೀಪವನ್ನು ಹೊತ್ತರೆ ಸಾಕು. ಸಾಧ್ಯವಿದ್ದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸುರು ದೀಪಗಳನ್ನೂ ಇಡತಕ್ಕದ್ದು. ಹುಟ್ಟಿನ ದೋಣಿಯವನು ಡಿಕ್ಕಿ ತಪ್ಪುವಷ್ಟು ಮೊದಲೇ ತೋರಿಸಲು ಬಿಳಿಯ ಬೆಳಕಿನ ಒಂದು ದೀಪವನ್ನಾದರೂ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಕಡಲಿಗೆಂದು ಮಾಡಿದ ಈ ನಿಯಮವನ್ನು ಹಿನ್ನೀರಿನವರು ಸ್ವಂತ ಇಷ್ಟದಿಂದ ಅನುಸರಿಸಿದರೆ ನಷ್ಟವೇನೂ ಇಲ್ಲ. ಬಣ್ಣ ಬದಲಿಸುವ ದೀಪದ ಪಟ್ಟಿಯನ್ನು ಸುತ್ತಲೂ ಅಂಟಿಸಿ ದೋಣಿಯನ್ನು ಮದುವೆಯ ಚಪ್ಪರದಂತೆ ಮಾಡುವವರು, ಎದುರಿನವನಿಗೆ ಎಡ ಯಾವುದು ಬಲ ಯಾವುದೆಂದು ತಿಳಿಯದಂತೆ ಮಾಡುತ್ತಾರೆ.

ಬಿಳಿಯ ದೀಪವನ್ನು ಕುಳಿತವರ ತಲೆಗಿಂತ ಎತ್ತರದ ಕಂಬಕ್ಕೆ ಕಟ್ಟತಕ್ಕದ್ದು; ಕೆಳಗಿಟ್ಟರೆ ಮೈಯೇ ಅದನ್ನು ಮರೆಮಾಡುತ್ತದೆ, ಹುಟ್ಟುಹಾಕುವವನ ಕಣ್ಣಿಗೂ ಕುಕ್ಕುತ್ತದೆ. ಬಲೆ ಬಿಡಿಸುವುದಕ್ಕೆ ದೋಣಿಯ ಒಳಬದಿಯಲ್ಲಿ ತಗ್ಗಾಗಿ ಒಂದು ಮಂದವಾದ ಕೆಂಪು ದೀಪವು ಸಾಕು. ಹೊರಗಿನಿಂದ ಅದು ಕಾಣದಂತೆ ಮರೆಯಿರಬೇಕು. ಕೆಂಪು ಬೆಳಕಿನಲ್ಲಿ ಕಣ್ಣು ಕತ್ತಲೆಯ ಅಭ್ಯಾಸವನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ.

ವಿದ್ಯುತ್ತಿನ ಲೆಕ್ಕವು ಸುಲಭವಾದುದು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆಗಳಷ್ಟು ಶಕ್ತಿಯಿರುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ಬಳಸಿದರೆ ಬ್ಯಾಟರಿಗೆ ಆಯುಷ್ಯ ಹೆಚ್ಚು. ಹಾಗೆ ಬಳಸಿದರೂ 3 ವ್ಯಾಟಿನ ಬಿಳಿಯ ದೀಪವೂ 2 ವ್ಯಾಟಿನ ಕೆಂಪು ದೀಪವೂ ಸೇರಿ 8 ಗಂಟೆಗಳ ಕಾಲ ಉರಿಯುತ್ತವೆ. ದೊಡ್ಡ ಬ್ಯಾಟರಿಯ ಆಸೆಗೆ ಬೀಳುವುದು ಬೇಡ. ಸಣ್ಣ ದೋಣಿಯಲ್ಲಿ ಭಾರವೇ ಶತ್ರು. ಅದನ್ನು ನಡುಭಾಗದಲ್ಲಿ ಅಲುಗದಂತೆ ಬಿಗಿಯಬೇಕು.

ಹಣ ಉಳಿಸಲು ಹೋಗಿ ದೋಣಿಯನ್ನೇ ಕೆಡಿಸಿಕೊಳ್ಳುವುದು ತಂತಿಯ ಕೆಲಸದಲ್ಲಿ. ಬ್ಯಾಟರಿಯ ಧನ ತುದಿಗೆ ಸಮೀಪದಲ್ಲಿಯೇ ಫ್ಯೂಜ್ ಇರಬೇಕು. ಇಲ್ಲವಾದರೆ ತಂತಿ ಉಜ್ಜಿ ತಗಲಿದಾಗ ಹಲಗೆಯೇ ಹೊತ್ತಿಕೊಂಡೀತು. ತವರ ಲೇಪಿಸಿದ ತಾಮ್ರದ ತಂತಿ ನೀರಿಗೆ ಬಹುಕಾಲ ತಾಳುತ್ತದೆ. ದೀಪದ ಮೇಲೆ ಐ.ಪಿ. 65 ಎಂದಿದ್ದರೆ ನೀರು ಎರಚಿದರೆ ತಾಳೀತು, ಮುಳುಗಿದರೆ ತಾಳದು, ಐ.ಪಿ. 67 ಆದರೆ ಮೇಲು. ಹಲಗೆಗೆ ಕೊರೆದ ಪ್ರತಿಯೊಂದು ರಂಧ್ರವನ್ನೂ ಮೊದಲು ಅಗಲವಾಗಿ ಕೊರೆದು, ಎಪಾಕ್ಸಿ ಅಂಟಿನಿಂದ ತುಂಬಿ, ಅದು ಗಟ್ಟಿಯಾದ ಮೇಲೆ ತಂತಿಗೆ ಬೇಕಾದಷ್ಟೇ ಮರಳಿ ಕೊರೆಯತಕ್ಕದ್ದು. ಈ ಶ್ರಮವನ್ನು ಬಿಟ್ಟವರ ದೋಣಿಯಲ್ಲಿ ಪ್ಲೈವುಡ್ಡಿನ ಪದರಗಳ ನಡುವೆ ನೀರು ಸೇರಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಹಲಗೆ ಕೊಳೆಯುತ್ತಿರುತ್ತದೆ.

ಊರಿನ ಮುಖಂಡರು ನೆರವಾಗಬಹುದಾದ ಒಂದು ಕೆಲಸವೂ ಇದೆ. ದೋಣಿಯ ದೀಪವು ಅದನ್ನು ಇತರರಿಗೆ ತೋರಿಸುತ್ತದೆಯೇ ಹೊರತು, ಮಂಜು ಕವಿದ ರಾತ್ರಿ ದೋಣಿಯವನಿಗೆ ದಡವನ್ನು ತೋರಿಸುವುದಿಲ್ಲ. ದೋಣಿ ಕಟ್ಟುವ ಜಾಗದಲ್ಲಿ ಎತ್ತರದ ಕಂಬಕ್ಕೆ, ಊರಿನ ಬೀದಿದೀಪಗಳೊಂದಿಗೆ ಬೆರೆತುಹೋಗದಂತೆ, ಹಳದಿಯ ಒಂದು ಎಲ್.ಇ.ಡಿ. ದೀಪವನ್ನು ಹಾಕಿಸಿ, ಕಡೆಯ ದೋಣಿ ಮರಳುವವರೆಗೂ ಅದನ್ನು ಆರಿಸದಂತೆ ಒಬ್ಬನಿಗೆ ಹೊಣೆ ವಹಿಸತಕ್ಕದ್ದು.