ಕೆಲಸದೂರಲ್ಲಿ ಸೂರಿಲ್ಲ

‘ಕೆಲಸ ಇಲ್ಲಾಂದ್ರೆ ಕೆಲಸ ಇರೋ ಊರಿಗೆ ಹೋಗ್ರಯ್ಯ, ಇಲ್ಯಾಕೆ ಬಿದ್ದಿದೀರಿ?’ ಗೆಳೆಯರೇ, ಕೆಜಿಎಫ್ ಹುಡುಗರಾದ ನಮಗೆ ಈ ಬುದ್ಧಿ ಹೇಳದವರೇ ಇಲ್ಲ. ಹೇಳುವವರಿಗೆಲ್ಲ ಬೆಂಗಳೂರಲ್ಲಿ ಸ್ವಂತ ಮನೆ ಇರುತ್ತೆ ಅನ್ನೋದು ಬೇರೆ ಮಾತು.

1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಬಂತು. ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳಕ್ಕಿಳಿದು, ದೂಳು ಕುಡಿದು ಚಿನ್ನ ತೆಗೆದವರು ಬಹುಪಾಲು ನಮ್ಮ ಜನ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಕೊಳ್ಳುವವನ ಜೇಬಲ್ಲಿ ಸಂಬಳ ಇದ್ದರೆ ತಾನೇ ಗೋಡೆಗೆ ಬೆಲೆ? ಇತ್ತ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಐಟಿ ಸಂಬಳ ಹರಿದು ಬಂತು, ಸೈಟಿನ ಬೆಲೆ ಮುಗಿಲಿಗೇರಿತು.

ಅಪ್ಪನ ಲೈನ್ ಮನೆ ಮಾರಿ ಬನ್ನಿ ಅಂತಾರೆ. ಆ ದುಡ್ಡಲ್ಲಿ ಬೆಂಗಳೂರಲ್ಲಿ ಒಂದು ಬಚ್ಚಲಿಗೂ ಜಾಗ ಸಿಗಲ್ಲ. ಮಾರಿ ಹೋದ ಮೇಲೆ ಅಲ್ಲಿನ ಕೆಲಸವೂ ಹೋದರೆ ವಾಪಸ್ ಬರೋದು ಎಲ್ಲಿಗೆ? ಬಾಡಿಗೆಗೆ ಇರೋಣವೆಂದರೆ ಲೆಕ್ಕ ಹಾಕಿ ನೋಡಿ. ಸಂಬಳ 15,000, ಬಾಡಿಗೆ 7,000 ಅಂತಿಟ್ಟುಕೊಳ್ಳಿ. 10 ತಿಂಗಳ ಅಡ್ವಾನ್ಸ್ ಕೇಳಿದರೆ 70,000. ಕೆಲಸ ಹುಡುಕಿಕೊಂಡು ಹೋದವನ ಹತ್ತಿರ ಅಷ್ಟಿದ್ದರೆ ಅವನ್ಯಾಕೆ ಹೋಗ್ತಿದ್ದ?

ಇಂಗ್ಲೆಂಡಿನ ಅರ್ಥಶಾಸ್ತ್ರಿ ಆಂಡ್ರೂ ಆಸ್ವಾಲ್ಡ್ 1996ರಲ್ಲೇ ವಾದಿಸಿದ್ದರು, ಸ್ವಂತ ಮನೆ ಹೆಚ್ಚಿರುವ ಕಡೆ ನಿರುದ್ಯೋಗವೂ ಹೆಚ್ಚು, ಮನೆ ಜನರ ಕಾಲು ಕಟ್ಟುತ್ತೆ ಅಂತ. ಇರಬಹುದು. ಆದರೆ ಆ ಲೆಕ್ಕಕ್ಕೆ ಸಿಗದ ಇನ್ನೊಂದು ಹಗ್ಗ ನಮ್ಮ ಕಾಲಿಗಿದೆ. ಮೊನ್ನೆ ನಮ್ಮಿಬ್ಬರು ಒಂದು ರೂಮು ನೋಡಲು ಹೋದರು. ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ‘ನಾನ್‌ವೆಜ್ ಮಾಡ್ತೀರಾ?’ ಅಂದರು. ಸಂಜೆ ಹೊತ್ತಿಗೆ ‘ರೂಮು ಬೇರೆಯವರಿಗೆ ಕೊಟ್ಟಾಯ್ತು.’ ಬಾಡಿಗೆ ಬೋರ್ಡು ಮಾತ್ರ ಮರುದಿನವೂ ಗೇಟಿಗೆ ನೇತಾಡ್ತಿತ್ತು.

ಅದಕ್ಕೇ ಮಾರಿಕುಪ್ಪಂನಲ್ಲಿ ಬೆಳಗಿನ ಜಾವದ ರೈಲು ಹತ್ತುತ್ತೇವೆ. ಹೋಗೋಕೆ ಎರಡು ಗಂಟೆ ಮೇಲೆ, ಬರೋಕೂ ಅಷ್ಟೇ. ಈ ನಾಲ್ಕು ಗಂಟೆಗೆ ಕೂಲಿ ಕೊಡೋರ್ಯಾರು? ಬಿಳಿಯನಾದರೂ ಲೈನ್ ಕಟ್ಟಿಸಿದ್ದ. ಹೊಗಳ್ತಿಲ್ಲ, ಹಂದಿಗೂಡುಗಳೇ ಅವು. ಆದರೆ ದುಡಿಯೋಕೆ ಜನ ಬೇಕಾದರೆ ಅವರಿಗೆ ಸೂರು ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಇಂದಿನ ಧಣಿಗೆ ನಮ್ಮ ಕೈ ಬೇಕು, ನಾವು ಮಲಗೋದೆಲ್ಲಿ ಅನ್ನೋದು ಬೇಡ.

ಹಾಸ್ಟೆಲ್ ಗೆಳೆಯರೇ, ಡಿಗ್ರಿ ಮುಗಿದ ದಿನ ನಿಮ್ಮ ಟ್ರಂಕೂ ಹೊರಗೆ ಬರುತ್ತೆ. ಕೆಲಸ ಕೇಳುವ ಬಾಯಲ್ಲೇ ಕೆಲಸದೂರಿನ ಸೂರನ್ನೂ ಕೇಳೋಣ: ದುಡಿಯುವ ಹುಡುಗ ಹುಡುಗಿಯರಿಗೆ ಸರ್ಕಾರಿ ಹಾಸ್ಟೆಲ್, ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ. ಮುಂದಿನ ಸಭೆಗೆ ಬರುವಾಗ ನಿಮಗೆ ಹೇಳಿದ ಬಾಡಿಗೆ, ಕೇಳಿದ ಅಡ್ವಾನ್ಸ್, ಮನೆ ಕೊಡದೆ ಹೇಳಿದ ನೆಪ, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.